ಮಕ್ಕಳೊಡನೆ ನಂದಿಬೆಟ್ಟಕ್ಕೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಅವರು ತಮ್ಮ ಮಕ್ಕಳಿಗೆ ಭೂಗೋಳವನ್ನು ಪುಸ್ತಕದ ಹೊರಗೆ ಕಲಿಸಬಯಸಿದರೆ, ವಸಂತದ ಒಂದು ಬೆಳಿಗ್ಗೆ ನಂದಿಬೆಟ್ಟವನ್ನು ಕಾಲ್ನಡೆಯಿಂದ ಏರಲೆಂದು ಸೂಚಿಸುವೆವು. ಇದರ ಶಿಖರವು ಸಮುದ್ರಮಟ್ಟಕ್ಕಿಂತ 4,851 ಅಡಿ ಎತ್ತರವಾಗಿದೆ.

ಮೊದಲು ಬಯಲಿನಲ್ಲಿ ಹೊಂಗೆಯ ಮರವನ್ನು ತೋರಿಸಬೇಕು. ಹಳೆಯ ಎಲೆಗಳನ್ನುದುರಿಸಿ ಕೆಲವೇ ದಿನಗಳಲ್ಲಿ ತಳಿರು ತಳೆಯುವ ಈ ಮರಕ್ಕೆ, ಮಳೆಯಿಲ್ಲದ ಕಾಲದಲ್ಲಿ ನೀರೆಲ್ಲಿಂದ ಬಂತೆಂದು ಮಕ್ಕಳೇ ಕೇಳುವರು. ಆಳಕ್ಕಿಳಿದ ಬೇರಿನ ವಿಷಯವನ್ನು ಆಗ ಹೇಳಿದರೆ ಸಾಕು. ಮೊದಲೇ ಹೇಳಿದರೆ ಪಾಠವು ಕೆಟ್ಟಿತು.

ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಈ ಬೆಟ್ಟಗಳ ಸೀಮೆಯಲ್ಲಿಯೇ ಹುಟ್ಟುವುವು. ಅರ್ಕಾವತಿಯು ಕಾವೇರಿಯನ್ನು ಕೂಡುವುದು. ಉಳಿದವು ಬೇರೆ ಬೇರೆ ದಾರಿ ಹಿಡಿದು ಬಂಗಾಳ ಕೊಲ್ಲಿಯನ್ನು ಸೇರುವುವು. ಬಂಡೆಯ ನೆತ್ತಿಯ ಮೇಲೆ ಒಂದು ಲೋಟ ನೀರು ಚೆಲ್ಲಿ, ಅದು ಕವಲಾಗಿ ಹರಿಯುವುದನ್ನು ತೋರಿಸಿದರೆ ಐದು ವರ್ಷದ ಮಗುವೂ ಇದನ್ನು ಗ್ರಹಿಸುವುದು. (ಇದಕ್ಕಾಗಿ ಕುಡಿಯುವ ನೀರನ್ನು ತುಸು ಹೆಚ್ಚಾಗಿಯೇ ಒಯ್ಯಬೇಕು.)

ಒಮ್ಮೆ ನಾವು ದೊಡ್ಡ ಹುಡುಗಿಯರನ್ನು ಮುಂದೆ ಓಡಲು ಬಿಟ್ಟೆವು. ಅವರ ಹಿಂದೆಯೇ ನಾವೂ ಅವಸರಿಸಿದೆವು. ಅಷ್ಟರಲ್ಲಿ ಮಂಜು ಕವಿಯಿತು. ಹಿಂದುಳಿದ ಚಿಕ್ಕವಳೊಬ್ಬಳು ಕಾಲು ಗಂಟೆಯವರೆಗೆ ಸಿಕ್ಕಲಿಲ್ಲ. ಕೊನೆಗೆ ಮೆಟ್ಟಿಲಿನ ಪಕ್ಕದ ಬಂಡೆಯ ಮರೆಯಲ್ಲಿ ಅಳುತ್ತ ಕುಳಿತಿದ್ದಳು. ಅವಳ ತಾಯಿಯ ಮುಖವನ್ನು ನಾವು ಇನ್ನೂ ಮರೆತಿಲ್ಲ. ಅಂದಿನಿಂದ ಅತಿ ಚಿಕ್ಕ ಮಗುವೇ ಮುಂದೆ, ಹಿರಿಯರೊಬ್ಬರು ಎಲ್ಲರಿಗೂ ಹಿಂದೆ. ಬಿಸಿಲೇರಿದಂತೆ ಬಂಡೆಗಳು ಕಾಯುವುದರಿಂದ ಹತ್ತು ಗಂಟೆಗೆ ಮೊದಲೇ ಇಳಿಯತೊಡಗುವೆವು.