ವಯಸ್ಕ ಶಿಶಿಕ್ಷುಗಳಿಗೆ ಇಂಗ್ಲಿಷ್–ಗಣಿತ: ಇಂಗ್ಲೆಂಡಿನ ನೂತನ ನಿಯಮ
ಗಾರೆಕೆಲಸದಲ್ಲಾಗಲಿ ರೋಗಿಗಳ ಶುಶ್ರೂಷೆಯಲ್ಲಾಗಲಿ ಎಷ್ಟೇ ನಿಷ್ಣಾತನೆನಿಸಿದರೂ, ಇಂಗ್ಲಿಷ್ ಮತ್ತು ಗಣಿತಗಳಲ್ಲಿ ವಿಹಿತ ಅರ್ಹತೆಯನ್ನು ಸಂಪಾದಿಸದ ಶಿಶಿಕ್ಷುವು ತನ್ನ ತರಬೇತಿಯನ್ನು ಸಂಪೂರ್ಣಗೊಳಿಸಲಾರನೆಂಬ ನಿಬಂಧನೆಯು ಇಂಗ್ಲೆಂಡಿನಲ್ಲಿ ಬಹುಕಾಲ ಸಾಮಾನ್ಯವಾಗಿ ಅನ್ವಯಿಸುತ್ತಿದ್ದಿತು. ಮೂರನೆಯ ಹಂತದ ತರಬೇತಿಗೆ ಜಿಸಿಎಸ್‌ಇ ಎಂಬ ಶಾಲಾ ಪರೀಕ್ಷೆಯಲ್ಲಿ 4 ಅಥವಾ ಅದಕ್ಕೂ ಮೇಲಿನ ಶ್ರೇಣಿಯಾಗಲಿ, ಫಂಕ್ಷನಲ್ ಸ್ಕಿಲ್ಸ್ ಪರೀಕ್ಷೆಯ ಎರಡನೆಯ ಹಂತವಾಗಲಿ ಬೇಕಾಗಿದ್ದಿತು. 2025ರ ಫೆಬ್ರವರಿಯಲ್ಲಿ ಸರ್ಕಾರವು, ತರಬೇತಿಯ ಆರಂಭಕಾಲಕ್ಕೆ 19 ವರ್ಷ ತುಂಬಿದ್ದವರ ಮಟ್ಟಿಗೆ, ಈ ಅರ್ಹತೆ ಬೇಕೋ ಬೇಡವೋ ಎಂಬುದನ್ನು ಉದ್ಯೋಗದಾತರ ವಿವೇಚನೆಗೆ ಬಿಟ್ಟುಕೊಟ್ಟಿತು. 16ರಿಂದ 18 ವಯಸ್ಸಿನವರಿಗೆ ಹಳೆಯ ಕಟ್ಟಳೆಯೇ ಉಳಿಯಿತು. ಪ್ರಮಾಣಪತ್ರದ ಹಂಗು ತಪ್ಪಿದರೂ, ವೃತ್ತಿಗೆ ಅವಶ್ಯವಾದ ಭಾಷೆ ಮತ್ತು ಲೆಕ್ಕಗಳ ಮೌಲ್ಯಮಾಪನವು ವಯಸ್ಕರಿಗೂ ತಪ್ಪದು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಿಗೆ ಪ್ರತ್ಯೇಕ ವ್ಯವಸ್ಥೆಯಿರುವುದರಿಂದ ಈ ಸಡಿಲಿಕೆ ಅಲ್ಲಿಗೆ ಅನ್ವಯಿಸದು.