ಡೀಸೆಲ್ ಹ್ಯಾಚ್‌ಬ್ಯಾಕ್: ಕೊಟ್ಟ ದುಡ್ಡಿಗೆ ಮೋಸವಾಗದಿರಲು

2012ರ ಮೇ ತಿಂಗಳಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 30 ರೂಪಾಯಿಗೂ ಮೀರಿದ ಅಂತರವಿತ್ತು. ಆಗ ಡೀಸೆಲ್ ಕಾರು ಕೊಳ್ಳಲು ಯಾರೂ ಹೆಚ್ಚು ಲೆಕ್ಕ ಹಾಕುತ್ತಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ಸರ್ಕಾರದ ಹಿಡಿತದಿಂದ ಹೊರಬಂತು, ಅಷ್ಟರಲ್ಲಿ ಆ ಅಂತರವೂ ಕುಗ್ಗಿತ್ತು. 2020ರ ಏಪ್ರಿಲಿನಲ್ಲಿ ಬಿಎಸ್-6 ಹೊಗೆ ನಿಯಮ ಬಂತು; ಸ್ವಿಫ್ಟ್, ಬಲೆನೊ, ಪೋಲೊಗಳ ಡೀಸೆಲ್ ಮಾದರಿಗಳು ನಿಂತವು, ಮುಂದೆ ಐ20ಯದೂ ನಿಂತಿತು. 2025ರ ಹೊತ್ತಿಗೆ ಶೋರೂಮಿನಲ್ಲಿ ಹೊಸದಾಗಿ ಸಿಗುವುದು ಟಾಟಾ ಆಲ್ಟ್ರೋಜ್ ಒಂದೇ. ಉಳಿದದ್ದೆಲ್ಲ ಸೆಕೆಂಡ್ ಹ್ಯಾಂಡ್. ಈಗ ಲೆಕ್ಕ ಹಾಕದೆ ಅಡ್ವಾನ್ಸ್ ಕೊಡಬಾರದು.

1. ಮೊದಲು ನಿಮ್ಮ ಓಡಾಟ ಅಳೆಯಿರಿ. ಈಗಿರುವ ಗಾಡಿಯ ಮೀಟರ್ ನೋಡಿ ಮೂರು ತಿಂಗಳು ಬರೆದಿಡಿ. ಊರೊಳಗೆ ಎಷ್ಟು, ಹೆದ್ದಾರಿಯಲ್ಲಿ ಎಷ್ಟು ಎಂದು ಬೇರೆಬೇರೆಯಾಗಿ ಬರೆಯಿರಿ. ಅಂದಾಜಿಗೆ ಹೇಳುವಾಗ ಎಲ್ಲರೂ ತಮ್ಮ ಓಡಾಟವನ್ನು ಹೆಚ್ಚಿಸಿಯೇ ಹೇಳುತ್ತಾರೆ.

2. ಹೆಚ್ಚು ಕೊಟ್ಟದ್ದು ಎಷ್ಟು ಕಿಲೋಮೀಟರಿಗೆ ಹುಟ್ಟುತ್ತದೆ ನೋಡಿ. ಇದೇ ಮುಖ್ಯ ಸೂತ್ರ. ಪೆಟ್ರೋಲ್ 103 ರೂಪಾಯಿ, ಮೈಲೇಜ್ 16 ಎಂದಿಟ್ಟುಕೊಳ್ಳಿ: ಕಿಲೋಮೀಟರಿಗೆ 6.44 ರೂಪಾಯಿ. ಡೀಸೆಲ್ 91 ರೂಪಾಯಿ, ಮೈಲೇಜ್ 21: ಕಿಲೋಮೀಟರಿಗೆ 4.33. ಉಳಿತಾಯ ಹೆಚ್ಚುಕಡಿಮೆ 2.10 ರೂಪಾಯಿ. ಡೀಸೆಲ್ ಗಾಡಿಗೆ 1.3 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸಾಗಲು ಸುಮಾರು 62 ಸಾವಿರ ಕಿಲೋಮೀಟರ್ ಓಡಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಐದು ವರ್ಷ ದಾಟುತ್ತದೆ. ಎರಡೂವರೆ ಸಾವಿರ ಓಡಿಸುವವರಿಗೆ ಸುಮಾರು ಎರಡು ವರ್ಷ ಸಾಕು. ಸಾಲದ ಬಡ್ಡಿ, ಹೆಚ್ಚಿನ ಸರ್ವಿಸ್ ಖರ್ಚು ಸೇರಿಸಿದರೆ ಇನ್ನಷ್ಟು ತಿಂಗಳು ಕೂಡುತ್ತವೆ. ನಿಮ್ಮೂರ ಬಂಕಿನ ದರ ಹಾಕಿ ನೀವೇ ಲೆಕ್ಕ ಮಾಡಿ. ನನ್ನ ಮಟ್ಟಿಗೆ ತಿಂಗಳಿಗೆ ಸಾವಿರದೊಳಗೆ ಓಡಿಸುವ ಮನೆಗೆ ಹೊಸ ಡೀಸೆಲ್ ಬೇಡವೇ ಬೇಡ.

3. ಆನ್-ರೋಡ್ ಬೆಲೆಗಳನ್ನೇ ಹೋಲಿಸಿ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಗಾಡಿಯ ಬೆಲೆಯ ಮೇಲೆ ಏರುತ್ತದೆ: 5ರಿಂದ 10 ಲಕ್ಷದವರೆಗೆ ಶೇ 14, ಅದನ್ನು ದಾಟಿದರೆ ಶೇ 17, ಮೇಲೆ ಸೆಸ್. ಪೆಟ್ರೋಲ್ ಮಾದರಿ 10 ಲಕ್ಷದೊಳಗಿದ್ದು ಡೀಸೆಲ್ ಮಾದರಿ ಆಚೆ ದಾಟಿದರೆ ಇಡೀ ಬೆಲೆಗೆ ಹೆಚ್ಚಿನ ದರ ಬೀಳುತ್ತದೆ. ಅಂಥ ಕಡೆ ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್ ತೆಗೆದುಕೊಳ್ಳುವುದೇ ಜಾಣತನ. 2025ರ ಸೆಪ್ಟೆಂಬರಿನಿಂದ 1500 ಸಿಸಿ, 4 ಮೀಟರ್ ಮೀರದ ಡೀಸೆಲ್ ಕಾರಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ; ಹಳೆಯ ಬೆಲೆಪಟ್ಟಿ ನಂಬಬೇಡಿ.

4. ಡಿಪಿಎಫ್ ಬಗ್ಗೆ ತಿಳಿಯದೆ ಬಿಎಸ್-6 ಡೀಸೆಲ್ ಕೊಳ್ಳಬೇಡಿ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದು. ತುಂಬಿದಾಗ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, ಆದರೆ ಅದಕ್ಕೆ ಸೈಲೆನ್ಸರ್ ಕೊಳವೆ ಚೆನ್ನಾಗಿ ಕಾಯಬೇಕು. ಕಾಯಲು ಗಾಡಿ 15–20 ನಿಮಿಷ ಒಂದೇ ಸಮ ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು ಬರುವ ಗಾಡಿಗೆ ಆ ಅವಕಾಶವೇ ಸಿಗದು. ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿದರೆ, ಕಡೆಗಣಿಸಿದಷ್ಟೂ ಖರ್ಚು ಬೆಳೆಯುತ್ತದೆ. ಫಿಲ್ಟರನ್ನೇ ಬದಲಿಸಬೇಕಾಗಿ ಬಂದರೆ ವರ್ಷಗಳ ಇಂಧನ ಉಳಿತಾಯ ಒಂದೇ ಬಿಲ್ಲಿಗೆ ಹೋಗುತ್ತದೆ. ವಾರಕ್ಕೊಮ್ಮೆಯಾದರೂ ಹೆದ್ದಾರಿ ಕಾಣುವವರಿಗೆ ಮಾತ್ರ ಬಿಎಸ್-6 ಡೀಸೆಲ್ ಸರಿ.

5. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಟೆಸ್ಟ್ ಡ್ರೈವ್ ಮಾಡಿ. ಒಬ್ಬರೇ ಓಡಿಸಿದರೆ ಡೀಸೆಲಿನ ಗುಣ ಗೊತ್ತಾಗುವುದಿಲ್ಲ. ಆಲ್ಟ್ರೋಜ್‌ನ ಸಾಧಾರಣ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 115 ಎನ್‌ಎಂ, ಡೀಸೆಲಿನದು 200. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವಾಗ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಪದೇಪದೇ ಗೇರ್ ಇಳಿಸಬೇಕಿಲ್ಲ. ಹಾಸನ–ಮಂಗಳೂರು ದಾರಿಯಲ್ಲಿ ವಾರವಾರ ಓಡಾಡುವ ಕುಟುಂಬಕ್ಕೆ ಈ ಸುಖಕ್ಕೂ ಒಂದು ಬೆಲೆಯಿದೆ, ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು. ಹಿಂದಿನ ಸೀಟಿನಲ್ಲಿ ಕೂತವರನ್ನು ಎಂಜಿನ್ ಸದ್ದಿನ ಬಗ್ಗೆ ಕೇಳಲು ಮರೆಯಬೇಡಿ.

6. ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಆಕ್ಸಿಲರೇಟರ್ ಒತ್ತಿದಾಗ ಬಿಡದೆ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಟರ್ಬೊ ಪರೀಕ್ಷಿಸಿ. ಮೀಟರ್ ತಿರುಗಿಸುವುದು ಈ ವ್ಯಾಪಾರದಲ್ಲಿ ಮಾಮೂಲು, ಆದ್ದರಿಂದ ಸರ್ವಿಸ್ ದಾಖಲೆಯ ಕಿಲೋಮೀಟರ್ ಜೊತೆ ತಾಳೆ ನೋಡಿ. ಹಳೆಯ ಸ್ವಿಫ್ಟ್‌ನಲ್ಲಿರುವುದು ಫಿಯೆಟ್ ಮೂಲದ 1248 ಸಿಸಿ ಎಂಜಿನ್. ಅದರಲ್ಲಿ ಟೈಮಿಂಗ್ ಚೈನ್ ಇದೆ, ಅದನ್ನು ಬಲ್ಲ ಮೆಕ್ಯಾನಿಕ್ ತಾಲೂಕು ಕೇಂದ್ರದಲ್ಲೂ ಸಿಗುತ್ತಾನೆ. ಪೋಲೊ 1.5 ಟಿಡಿಐನಲ್ಲಿರುವುದು ಬೆಲ್ಟ್. ಅದನ್ನು ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆಯಿರಿ.

7. ದೆಹಲಿಯ ಅಗ್ಗದ ಗಾಡಿಗೆ ಮರುಳಾಗಬೇಡಿ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ ಹೇರಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ ದೆಹಲಿಯ ಡಿಎಲ್, ಪಕ್ಕದ ಹರಿಯಾಣದ ಎಚ್‌ಆರ್ ನಂಬರಿನ ಕಾರುಗಳು ಕಡಿಮೆ ಬೆಲೆಗೆ ಇಲ್ಲಿಗೆ ಬರುತ್ತವೆ. ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಆಗಲೇಬೇಕು, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತವನ್ನು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಿರಿ. ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ ಕೈಗೆ ಬರುವವರೆಗೆ ಮಾರುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.