ಒಂದನೆಯ ತರಗತಿಯಲ್ಲಿ ಓದಿನ ಆರಂಭ

ವರ್ಣಮಾಲೆಯನ್ನು ತಡೆಯಿಲ್ಲದೆ ಒಪ್ಪಿಸುವ ಮಗು ಓದಬಲ್ಲದೆಂದು ನಾವು ನಂಬುವುದುಂಟು. ನಡುವಿನ ಒಂದಕ್ಷರಕ್ಕೆ ಬೆರಳಿಟ್ಟು ಕೇಳಿದರೆ, ಅದು ಮೊದಲಿನಿಂದ ಹೇಳಿಕೊಂಡು ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ಆ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಅಕ್ಷರಗಳಿಂದ ತೊಡಗಿತು. ಐದೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಮೂಡುತ್ತವೆ. ಮಗುವಿಗೆ ಅರ್ಥವುಳ್ಳ ಓದು ಬೇಗನೆ ದೊರೆಯುತ್ತದೆ.

ನಿಜವಾದ ಕಷ್ಟವಿರುವುದು ಗುಣಿತ, ಒತ್ತಕ್ಷರಗಳಲ್ಲಿ. ನಮ್ಮ ಬಸ್ಸುಗಳ ಫಲಕದಲ್ಲಿರುವ ಊರುಗಳ ಹೆಸರನ್ನೇ ನೋಡಿ. ಜಗಳೂರಿನಲ್ಲಿ ಒತ್ತಿಲ್ಲ, ಚನ್ನಗಿರಿ, ಹೊನ್ನಾಳಿಗಳಲ್ಲಿ ನಕಾರಕ್ಕೆ ಅದರದೇ ಒತ್ತು. ನ್ಯಾಮತಿಯ ಮಗುವಿಗಾದರೋ ತನ್ನೂರಿನ ಮೊದಲಕ್ಷರವೇ ತೊಡಕು: ದೀರ್ಘದ ಚಿಹ್ನೆ ನಕಾರಕ್ಕೆ ಅಂಟಿದೆ, ದನಿ ಮಾತ್ರ ಯಕಾರದ ಮೇಲೆ ಎಳೆಯುತ್ತದೆ. ಕಣ್ಣಿಗೆ ಕಂಡಂತೆ ‘ನಾಯಮತಿ’ ಎಂದೋದಿದ ಮಗುವನ್ನು ದಡ್ಡನೆನ್ನುವುದು ಅನ್ಯಾಯ. ಅದು ಬರೆದುದನ್ನು ನಿಷ್ಠೆಯಿಂದಲೇ ಓದಿದೆ. ಉಪಾಧ್ಯಾಯರು ಹಲಗೆಯ ಮೇಲೆ ಮೊದಲು ನ್ಯ, ಬಳಿಕ ನ್ಯಾ ಎಂದು ಬರೆದು ನುಡಿಸಿದರೆ ತೊಡಕು ಬಿಡುತ್ತದೆ.